ಸೈಬರ್ ಭದ್ರತೆಗೆ ಮುನ್ನ ನೆಟ್‌ವರ್ಕ್ ವಿದ್ಯೆ

ಕಲಬುರಗಿ ನಗರದ ಅಂಚಿಗೆ ತಗುಲಿದಂತಿರುವ ನಂದೂರ-ಕೆಸರಟಗಿ ಕೈಗಾರಿಕಾ ಪ್ರದೇಶದಲ್ಲಿ, ತೊಗರಿಯ ರಾಶಿ ಮುಗಿದು ಗಿರಣಿಗಳು ಹಗಲಿರುಳೂ ನಡೆಯುತ್ತಿದ್ದ ದಿನಗಳಲ್ಲಿ, ಪರಿಚಿತರೊಬ್ಬರ ದಾಲ್ ಮಿಲ್ಲಿನ ಕಚೇರಿಗೆ ನಾನೊಮ್ಮೆ ಹೋಗಬೇಕಾಗಿ ಬಂದಿತು. ಬೇಳೆಯ ಹಳದಿ ಧೂಳು ಹೊದ್ದ ಗೋಡೆಯ ಮೇಲೆ, ಸಾವಕಾರರ ಕುರ್ಚಿಯ ಹಿಂಬದಿಗೆ, ಎಂಟು ಕಿಂಡಿಗಳ ಒಂದು ಸಣ್ಣ ಸ್ವಿಚ್ಚನ್ನು ಮೊಳೆಗೆ ತೂಗುಹಾಕಿದ್ದರು. ಅದರಿಂದ ಹೊರಟ ನೀಲಿ ತಂತಿಗಳಲ್ಲಿ ಒಂದು ಮುನೀಮರ ಲೆಕ್ಕದ ಕಂಪ್ಯೂಟರಿಗೂ, ಇನ್ನೊಂದು ಲಾರಿಗಳನ್ನು ತೂಗುವ ಕಾಂಟಾದ ಕೋಣೆಗೂ, ಮತ್ತೊಂದು ಸಿಸಿಟಿವಿಯ ಡಿವಿಆರ್ ಪೆಟ್ಟಿಗೆಗೂ, ಮಗುದೊಂದು ವೈ-ಫೈ ರೂಟರಿಗೂ ಹೋಗಿದ್ದುವು. ಲೆಕ್ಕದ ಕಂಪ್ಯೂಟರು ಆಗಾಗ ಮಂಕು ಬಡಿದಂತೆ ನಿಂತುಬಿಡುತ್ತದೆಂಬುದು ಮುನೀಮರ ಅಹವಾಲು. ನನ್ನೊಡನೆ ಬಂದಿದ್ದ ತರುಣನು ಕಮಲಾಪುರದ ಕಡೆಯವನು, ಬಿ.ಸಿ.ಎ. ಮುಗಿಸಿ, ತಂದೆ ಬಾಳೆಯ ತೋಟದ ಆದಾಯದಲ್ಲಿ ಉಳಿಸಿಕೊಟ್ಟ ಹಣವನ್ನು ಕಟ್ಟಿ, ಖಾಸಗಿ ತರಬೇತಿ ಸಂಸ್ಥೆಯೊಂದರಲ್ಲಿ ಮೂರು ತಿಂಗಳ ‘ಎಥಿಕಲ್ ಹ್ಯಾಕಿಂಗ್’ ಶಿಕ್ಷಣವನ್ನು ಆಗತಾನೆ ಪೂರೈಸಿದ್ದನು. ಹುಡುಗನು ಚುರುಕು, ವಿನಯವಂತ.

“ಇದರಾಗ ಯಾವ ವೈರ್ ಎಲ್ಲಿಗೆ ಹೋಗ್ಯದ, ಯಾವ ಮಷೀನಿಗಿ ಯಾವ ಐಪಿ ಅಡ್ರೆಸ್ ಅದ, ನೋಡಿ ಹೇಳ್ತೀಯೇನಪ?” ಎಂದು ನಾನು ಕೇಳಿದೆನು.

ಅವನು ಸ್ವಿಚ್ಚಿನ ಮಿನುಗುದೀಪಗಳನ್ನೇ ಸ್ವಲ್ಪ ಹೊತ್ತು ನೋಡಿ, “ಅದು ನಮಗ ಹೇಳಿಕೊಟ್ಟಿಲ್ರಿ ಸರ್. ಬರೀ ಟೂಲ್ಸ್ ಕಲಿಸ್ಯಾರ್ರಿ” ಎಂದನು.

ಆ ಉತ್ತರದಲ್ಲಿ ಅವನ ದೋಷವೇನೂ ಇರಲಿಲ್ಲ. ಆದರೆ ಸೈಬರ್ ಭದ್ರತೆಯ ವೃತ್ತಿಯನ್ನು ಬಯಸಿ ನಮ್ಮ ಜಿಲ್ಲೆಯಿಂದ ಹೊರಡುವ ನೂರಾರು ಮಕ್ಕಳು ಎಡವುವ ಸ್ಥಳವನ್ನು ಅದು ಬೆರಳಿಟ್ಟು ತೋರಿಸಿತು. ಒಂದು ಯಂತ್ರವು ಇನ್ನೊಂದು ಯಂತ್ರದೊಡನೆ ಹೇಗೆ ಮಾತನಾಡುತ್ತದೆಂಬುದನ್ನು ಅರಿಯದವನಿಗೆ, ಆ ಮಾತಿನ ನಡುವೆ ಕಳ್ಳನ ದನಿಯೊಂದು ಸೇರಿಕೊಂಡಾಗ ಅದನ್ನು ಗುರುತಿಸುವುದು ಸಾಧ್ಯವಾಗುವುದಿಲ್ಲ. ಈ ಕಾರಣದಿಂದ, ನೆಟ್‌ವರ್ಕ್ ವಿದ್ಯೆಯನ್ನು ಮೊದಲು ಕಲಿಯಬೇಕೆಂದೂ, ಅದನ್ನು ಕಲಿಸತಕ್ಕ ಸಂಸ್ಥೆಯನ್ನು ಬಹಳ ನಿಷ್ಠುರವಾಗಿ ಪರೀಕ್ಷಿಸಿ ಆರಿಸಿಕೊಳ್ಳಬೇಕೆಂದೂ, ಹುಡುಗರಿಗೂ ಹಣ ಕಟ್ಟುವ ತಂದೆತಾಯಿಗಳಿಗೂ ವಿವರವಾಗಿ ಹೇಳುವುದು ಈ ಲೇಖನದ ಉದ್ದೇಶ.

ಮಿಲ್ಲಿನ ಡಿವಿಆರ್ ಪೆಟ್ಟಿಗೆಯನ್ನು ತೆರೆದು ನೋಡಿದಾಗ, ಕಾರ್ಖಾನೆಯಿಂದ ಬಂದ ದಿನ ಅದಕ್ಕಿದ್ದ ಪಾಸ್‌ವರ್ಡೇ ಇನ್ನೂ ಇದ್ದಿತು. ಸಾವಕಾರರು ಮನೆಯಲ್ಲಿ ಕುಳಿತು ಮೊಬೈಲಿನಲ್ಲಿ ಗೋದಾಮನ್ನು ನೋಡಲೆಂದು ಯಾರೋ ರೂಟರಿನಲ್ಲಿ ಹೊರಜಗತ್ತಿಗೆ ಒಂದು ಪೋರ್ಟನ್ನು ತೆರೆದಿಟ್ಟು ಹೋಗಿದ್ದರು. 2016ರಲ್ಲಿ ಮಿರಾಯ್ ಎಂಬ ದುಷ್ಟ ತಂತ್ರಾಂಶವು ಇಂಥ ಕ್ಯಾಮೆರಾಗಳನ್ನೂ ಡಿವಿಆರ್‌ಗಳನ್ನೂ ರೂಟರುಗಳನ್ನೂ ಹುಡುಕಿ, ಕಾರ್ಖಾನೆಯ ಪಾಸ್‌ವರ್ಡುಗಳ ಅರವತ್ತು ಚಿಲ್ಲರೆ ಜೋಡಿಗಳನ್ನು ಒಂದಾದ ಮೇಲೊಂದರಂತೆ ಪ್ರಯೋಗಿಸಿ, ಲಕ್ಷಾಂತರ ಯಂತ್ರಗಳನ್ನು ವಶಪಡಿಸಿಕೊಂಡಿತು. ಅದೇ ವರ್ಷದ ಅಕ್ಟೋಬರ್ 21ರಂದು ಆ ಯಂತ್ರಗಳಲ್ಲಿ ಅನೇಕವು ಏಕಕಾಲದಲ್ಲಿ, ಜಾಲತಾಣಗಳ ಹೆಸರನ್ನು ವಿಳಾಸಕ್ಕೆ ಹೊಂದಿಸಿಕೊಡುವ ಡೈನ್ ಎಂಬ ಅಮೆರಿಕದ ಸಂಸ್ಥೆಯ ಮೇಲೆ ಎರಗಿದ್ದರಿಂದ ಟ್ವಿಟರ್ ಮೊದಲಾದ ದೊಡ್ಡ ಜಾಲತಾಣಗಳು ಅಲ್ಲಿಯ ಜನಕ್ಕೆ ಗಂಟೆಗಟ್ಟಲೆ ಸಿಗದೆ ಹೋದುವು. 2017ರ ಮೇ 12ರಂದು ಹಬ್ಬಲಾರಂಭಿಸಿದ ವಾನಾಕ್ರೈ ಎಂಬ ಇನ್ನೊಂದು ದುಷ್ಟ ತಂತ್ರಾಂಶವು ಇದಕ್ಕಿಂತಲೂ ಸ್ಪಷ್ಟವಾದ ಪಾಠ. ಕಡತಗಳನ್ನು ಹಂಚಿಕೊಳ್ಳಲು ವಿಂಡೋಸ್ ಯಂತ್ರಗಳು ಬಳಸುವ 445ನೆಯ ಪೋರ್ಟಿನ ಮಾರ್ಗವಾಗಿ, ವಿಂಡೋಸಿನ ಒಂದು ಲೋಪವನ್ನು ಬಳಸಿಕೊಂಡು, ಅದು ಒಂದು ಯಂತ್ರದಿಂದ ಪಕ್ಕದ ಯಂತ್ರಕ್ಕೆ ತಾನಾಗಿಯೇ ಹರಿಯಿತು. ಆ ಲೋಪಕ್ಕೆ ಮೈಕ್ರೋಸಾಫ್ಟ್ ಸಂಸ್ಥೆಯು ಎರಡು ತಿಂಗಳ ಮೊದಲೇ, ಮಾರ್ಚ್ 14ರಂದು, ತಿದ್ದುಪಡಿ ಹೊರಡಿಸಿದ್ದರೂ ಅದನ್ನು ಅಳವಡಿಸಿಕೊಳ್ಳದೆ, ಎಲ್ಲ ಯಂತ್ರಗಳನ್ನೂ ಒಂದೇ ಅಂಗಳದಲ್ಲಿ ಕಲೆಹಾಕಿಟ್ಟಿದ್ದ ಆಸ್ಪತ್ರೆಗಳೂ ಕಾರ್ಖಾನೆಗಳೂ ಬಲಿಯಾದುವು. ನಂದೂರದ ಆ ಎಂಟು ಕಿಂಡಿಯ ಸ್ವಿಚ್ಚಿನಲ್ಲಿಯೂ ಲೆಕ್ಕದ ಕಂಪ್ಯೂಟರು, ಕ್ಯಾಮೆರಾ, ಕಾಂಟಾ ಮತ್ತು ಬಂದುಹೋಗುವ ಲಾರಿ ಚಾಲಕರ ಮೊಬೈಲುಗಳು ಒಂದೇ ಅಂಗಳದಲ್ಲಿದ್ದುವು.

ಈಗ ಆ ವಿದ್ಯೆಯೆಂದರೇನೆಂಬುದನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ವೈರ್‌ಶಾರ್ಕ್ ಎಂಬುದೊಂದು ಉಚಿತ ತಂತ್ರಾಂಶವುಂಟು. 1998ರಲ್ಲಿ ಈಥೀರಿಯಲ್ ಎಂಬ ಹೆಸರಿನಿಂದ ಹುಟ್ಟಿ 2006ರಲ್ಲಿ ಈಗಿನ ಹೆಸರನ್ನು ಪಡೆಯಿತು. ತಂತಿಯ ಮೇಲೆ ಹಾದುಹೋಗುವ ಪ್ರತಿಯೊಂದು ಪ್ಯಾಕೆಟನ್ನೂ ಅದು ಒಂದೊಂದು ಸಾಲಾಗಿ ಬಿಡಿಸಿ ತೋರಿಸುತ್ತದೆ. ನಾನು ಆ ತರುಣನ ಲ್ಯಾಪ್‌ಟಾಪಿನಲ್ಲಿ ಅದನ್ನು ತೆರೆದು, ಬ್ರೌಸರಿನಲ್ಲಿ ಒಂದು ಜಾಲತಾಣವನ್ನು ಕರೆಯಲು ಹೇಳಿ, ಆ ಸಂಪರ್ಕದ ಮೊದಲ ಮೂರು ಸಾಲುಗಳ ಮೇಲೆ ಬೆರಳಿಟ್ಟೆನು. ಒಂದನೆಯ ಸಾಲಿನಲ್ಲಿ ‘ಸಿನ್’, ಎರಡನೆಯದರಲ್ಲಿ ‘ಸಿನ್-ಆ್ಯಕ್’, ಮೂರನೆಯದರಲ್ಲಿ ‘ಆ್ಯಕ್’. ನಾವು ಊರಿಗೆ ಫೋನು ಮಾಡಿದಾಗ, “ಕೇಳಸ್ತದೇನ್ರಿ?” ಎಂದು ಒಬ್ಬರು, “ಕೇಳಸ್ತದ, ನಿಮಗ ಕೇಳಸ್ತದೇನು?” ಎಂದು ಇನ್ನೊಬ್ಬರು, “ಹೂಂ, ಕೇಳಸ್ತದ” ಎಂದು ಪುನಃ ಮೊದಲಿನವರು, ಹೀಗೆ ಮೂರು ಮಾತಾದ ಮೇಲೆ ತಾನೆ ಸುಖದುಃಖದ ಸುದ್ದಿ ಮೊದಲಾಗುವುದು? ಟಿಸಿಪಿ ಎಂಬ ನಿಯಮಾವಳಿಯು ಮಾಡುವುದೂ ಅಷ್ಟೆ. ಹಾಗಿರಲಾಗಿ, ಒಂದೇ ವಿಳಾಸದಿಂದ ಸಾವಿರ ಪೋರ್ಟುಗಳಿಗೆ ಕೇವಲ ಮೊದಲನೆಯ ‘ಕೇಳಸ್ತದೇನ್ರಿ’ ಮಾತ್ರ ಬರುತ್ತ, ಮೂರನೆಯ ಮಾತು ಎಂದಿಗೂ ಬಾರದಿದ್ದರೆ, ಯಾವನೋ ಒಬ್ಬನು ಓಣಿಯ ಎಲ್ಲ ಬಾಗಿಲುಗಳನ್ನೂ ತಟ್ಟಿ ಯಾವುದಕ್ಕೆ ಅಗುಳಿಯಿಲ್ಲವೆಂದು ಶೋಧಿಸುತ್ತಿದ್ದಾನೆಂದು ತಿಳಿಯತಕ್ಕದ್ದು. ಭದ್ರತಾ ನಿಗಾ ಕೇಂದ್ರದಲ್ಲಿ, ಎಂದರೆ ಉದ್ಯೋಗಿಗಳು ‘ಸಾಕ್’ ಎಂದು ಕರೆಯುವ ಸ್ಥಳದಲ್ಲಿ, ಹೊಸದಾಗಿ ಸೇರಿದ ಅನಾಲಿಸ್ಟನು ರಾತ್ರಿ ಪಾಳಿಯಲ್ಲಿ ಕುಳಿತು ಮಾಡುವ ಕೆಲಸವು ಬಹುಪಾಲು ಇದೇ: ಸಹಜವಾದ ಮಾತು ಯಾವುದು, ಅಸಹಜವಾದುದು ಯಾವುದು ಎಂಬ ವಿವೇಚನೆ. ಹುಡುಗನು ಆ ಮೂರು ಸಾಲುಗಳನ್ನು ಎರಡು ಸಲ ಓದಿ, “ಇಷ್ಟೇ ಏನ್ರಿ ಸರ್!” ಎಂದಾಗ ಅವನ ಮುಖದಲ್ಲಿ ಕಂಡ ಬೆಳಕು ನನಗೆ ಇನ್ನೂ ನೆನಪಿದೆ.

ಸರಿ, ತರಬೇತಿಯನ್ನು ಆರಿಸುವ ವಿಷಯ. ಕಲಬುರಗಿಯಲ್ಲಿ ಪಿ.ಡಿ.ಎ. ಎಂಜಿನಿಯರಿಂಗ್ ಕಾಲೇಜು 1958ರಿಂದ ಇದೆ. ಶರಣಬಸವ ವಿಶ್ವವಿದ್ಯಾಲಯ, ಗುಲಬರ್ಗಾ ವಿಶ್ವವಿದ್ಯಾಲಯ, ಪಾಲಿಟೆಕ್ನಿಕ್ಕುಗಳು ಇವೆ. ಆಳಂದ ರಸ್ತೆಯ ಕಡಗಂಚಿಯಲ್ಲಿ ಕೇಂದ್ರೀಯ ವಿಶ್ವವಿದ್ಯಾಲಯವಿದೆ. ಕಂಪ್ಯೂಟರ್ ವಿಭಾಗದಲ್ಲಿ ಓದುತ್ತಿರುವ ವಿದ್ಯಾರ್ಥಿಗೆ ‘ಕಂಪ್ಯೂಟರ್ ನೆಟ್‌ವರ್ಕ್ಸ್’ ಎಂಬ ಪತ್ರಿಕೆ ಹೇಗೂ ಇರುತ್ತದೆ. ಅದನ್ನು ಪರೀಕ್ಷೆಯ ಹಿಂದಿನ ರಾತ್ರಿಗೆ ಮೀಸಲಿಟ್ಟು, ಮುಂದೆ ಅದೇ ಪಾಠಕ್ಕಾಗಿ ಹೊರಗಿನ ಸಂಸ್ಥೆಗೆ ಸಾವಿರಾರು ರೂಪಾಯಿ ತೆರುವುದು ನನಗೆ ಬಹಳ ವ್ಯಸನವನ್ನುಂಟುಮಾಡುವ ಸಂಗತಿ. ಕಾಲೇಜಿನ ಪ್ರಯೋಗಶಾಲೆಯಲ್ಲಿ ಸ್ವಿಚ್ಚುಗಳು ಕಪಾಟಿನಲ್ಲಿ ಬೀಗ ಹಾಕಿದ ಸ್ಥಿತಿಯಲ್ಲಿದ್ದರೆ, ನಾಲ್ಕು ಜನ ಸೇರಿ ಉಪನ್ಯಾಸಕರಲ್ಲಿ ವಿನಂತಿ ಮಾಡಿಕೊಂಡು ತೆರೆಯಿಸಬೇಕು. ಸಿದ್ಧಾಂತಕ್ಕೆ ಭಾರತ ಸರ್ಕಾರದ ಸ್ವಯಂ ವೇದಿಕೆಯಲ್ಲಿ ಐಐಟಿ ಖರಗಪುರದ ಅಧ್ಯಾಪಕರು ನಡೆಸಿಕೊಟ್ಟ ‘ಕಂಪ್ಯೂಟರ್ ನೆಟ್‌ವರ್ಕ್ಸ್ ಅಂಡ್ ಇಂಟರ್ನೆಟ್ ಪ್ರೊಟೊಕಾಲ್’ ಎಂಬ ಎನ್‌ಪಿಟೆಲ್ ಪಾಠಮಾಲೆಯುಂಟು; ಕೇಳಲು ಶುಲ್ಕವಿಲ್ಲ, ಪ್ರಮಾಣಪತ್ರದ ಪರೀಕ್ಷೆಗೆ ಮಾತ್ರ ಹಣ ಕಟ್ಟಬೇಕು. ಕಮಲಾಪುರದಿಂದ ದಿನವೂ ಬಸ್ಸಿನಲ್ಲಿ ಓಡಾಡುವವನು ಆ ಪಾಠಗಳನ್ನು ಕಾಲೇಜಿನ ವೈ-ಫೈಯಲ್ಲಿ ಇಳಿಸಿಕೊಂಡು ದಾರಿಯಲ್ಲಿ ಕೇಳಬಹುದು.

ಹೊರಗಿನ ತರಬೇತಿಗೆ ಹೋಗಲೇಬೇಕೆಂದಾದರೆ, ಎರಡು ಪಠ್ಯಕ್ರಮಗಳ ಹೆಸರು ಪದೇ ಪದೇ ಕೇಳಿಬರುತ್ತದೆ. ಮೊದಲನೆಯದು ಸಿಸ್ಕೊ ಸಂಸ್ಥೆಯ ಸಿಸಿಎನ್ಎ. 2020ರ ಫೆಬ್ರವರಿಯಿಂದ ಅದಕ್ಕೆ 200-301 ಎಂಬ ಸಂಖ್ಯೆಯ ಒಂದೇ ಪರೀಕ್ಷೆ. 120 ನಿಮಿಷಗಳ ಅವಧಿ. ಶುಲ್ಕ 300 ಡಾಲರ್, ಮೇಲೆ ತೆರಿಗೆ. ಉತ್ತೀರ್ಣನಾದರೆ ಮೂರು ವರ್ಷಗಳ ಮಾನ್ಯತೆ. ಪದವಿಯ ನಿರ್ಬಂಧವಿಲ್ಲ. ಅದರ ಪಠ್ಯದಲ್ಲಿ ನೆಟ್‌ವರ್ಕಿನ ಮೂಲತತ್ತ್ವಗಳಿಗೆ ಶೇಕಡ 20, ಸ್ವಿಚ್ಚಿಂಗ್ ಮತ್ತು ವಿಲ್ಯಾನ್‌ಗಳಿಗೆ (ಒಂದೇ ಸ್ವಿಚ್ಚಿನೊಳಗಿನ ಪ್ರತ್ಯೇಕ ಅಂಗಳಗಳಿಗೆ) 20, ರೂಟಿಂಗಿಗೆ 25, ಐಪಿ ಸೇವೆಗಳಿಗೆ 10, ಭದ್ರತೆಯ ಮೂಲಾಂಶಗಳಿಗೆ 15, ಸ್ವಯಂಚಾಲನೆಗೆ 10 ಎಂದು ಪಾಲು ಮಾಡಿದ್ದಾರೆ. ಭದ್ರತೆಗೆ 15 ಮಾತ್ರವೆ ಎಂದು ನಿರಾಶರಾಗಬೇಕಾದುದಿಲ್ಲ; ಉಳಿದ 85ನ್ನು ಕೈವಶ ಮಾಡಿಕೊಂಡವನಿಗೇ ಆ 15 ಅರ್ಥವಾಗುವುದು. ಎರಡನೆಯದು ಕಾಂಪ್‌ಟಿಯಾ ಸಂಸ್ಥೆಯ ನೆಟ್‌ವರ್ಕ್ ಪ್ಲಸ್. 2024ರ ಜೂನ್‌ನಿಂದ ಅದರ ಹೊಸ ಆವೃತ್ತಿ ಜಾರಿಯಲ್ಲಿದೆ. 90 ನಿಮಿಷಗಳಲ್ಲಿ ಗರಿಷ್ಠ 90 ಪ್ರಶ್ನೆಗಳು. ಅದು ಯಾವ ಒಂದು ಕಂಪನಿಯ ಉಪಕರಣಕ್ಕೂ ಕಟ್ಟುಬೀಳದೆ ತತ್ತ್ವವನ್ನು ವಿಶಾಲವಾಗಿ ಹೇಳುತ್ತದೆ. ಸಿಸಿಎನ್ಎ ಕಮಾಂಡುಗಳನ್ನು ಕೈಯಾರೆ ಬರೆಸುತ್ತದೆ. ನನ್ನ ಅಭಿಪ್ರಾಯವನ್ನು ಕೇಳುವುದಾದರೆ, ನಮ್ಮ ಭಾಗದಿಂದ ಹೈದರಾಬಾದಿಗೋ ಬೆಂಗಳೂರಿಗೋ ಮೊದಲ ನೌಕರಿಗಾಗಿ ಹೋಗತಕ್ಕವನಿಗೆ ಸಿಸಿಎನ್ಎ ಮಟ್ಟದ ಅಭ್ಯಾಸವೇ ಲೇಸು; ಸಂದರ್ಶನದಲ್ಲಿ ಕುಳಿತವರು ಕೇಳುವ ಪ್ರಶ್ನೆಗಳು ಬಹುತೇಕ ಅದೇ ಜಾಡಿನವು. ಪರೀಕ್ಷೆಯ ಶುಲ್ಕ ಭಾರವೆನಿಸಿದರೆ ಪಠ್ಯವನ್ನು ಪೂರ್ತಿ ಅಭ್ಯಾಸಮಾಡಿ, ಪರೀಕ್ಷೆಯನ್ನು ಮೊದಲ ಸಂಬಳ ಬಂದ ಮೇಲೆ ಬರೆಯಬಹುದು. ವಿದ್ಯೆ ಕಾಯುವುದಿಲ್ಲ, ಕಾಗದ ಕಾಯುತ್ತದೆ.

ಕಲಬುರಗಿಯ ಸೂಪರ್ ಮಾರ್ಕೆಟ್ಟಿನ ಸುತ್ತಮುತ್ತ ಮಾಳಿಗೆಗಳ ಮೇಲೆ ಕಾಣುವ ಫಲಕಗಳಲ್ಲಿ ‘ನೂರಕ್ಕೆ ನೂರು ಉದ್ಯೋಗ’ ಎಂದು ಬರೆದಿದ್ದರೆ ಅಲ್ಲಿ ವಿಶೇಷ ಎಚ್ಚರಿಕೆ ಬೇಕು. ಉದ್ಯೋಗವನ್ನು ಕೊಡುವವರು ತರಬೇತಿಯವರಲ್ಲ, ಕಂಪನಿಯವರು. ಶುಲ್ಕ ಕಟ್ಟುವ ಮೊದಲು ಒಂದು ದಿನ ಪಾಠದ ಹೊತ್ತಿನಲ್ಲಿಯೇ ಹೋಗಿ, ಹಿಂದಿನ ಬೆಂಚಿನಲ್ಲಿ ಕುಳಿತು ನೋಡಲು ಅನುಮತಿ ಕೇಳಿರಿ. ಅನುಮತಿಯಿಲ್ಲವೆಂದರೆ ಅಲ್ಲಿಂದಲೇ ಹಿಂದಿರುಗಬಹುದು. ಒಳಗೆ ಬಿಟ್ಟರೆ, ಗುರುಗಳು ಪರದೆಯ ಮೇಲೆ ಚಿತ್ರಗಳನ್ನು ಸರಿಸುತ್ತಿದ್ದಾರೆಯೋ ಅಥವಾ ವಿದ್ಯಾರ್ಥಿಗಳ ಕೈಗಳು ಕೀಲಿಮಣೆಯ ಮೇಲಿವೆಯೋ ಎಂಬುದನ್ನು ಗಮನಿಸಿರಿ. ನಿಜವಾದ ಸ್ವಿಚ್ಚು, ರೂಟರು, ಕನ್ಸೋಲ್ ಕೇಬಲ್ ಇವೆಯೆ? ಹಳೆಯ ಮಾದರಿಯವಾದರೂ ಚಿಂತೆಯಿಲ್ಲ; ಕೈಯಿಂದ ಮುಟ್ಟುವಂತಿರಬೇಕು. ವಾರದಲ್ಲಿ ಪ್ರಯೋಗಕ್ಕೆ ಎಷ್ಟು ಗಂಟೆ, ಪಾಠಕ್ಕೆ ಎಷ್ಟು ಗಂಟೆ? ಪ್ರಯೋಗದ ಪಾಲು ಅರ್ಧಕ್ಕಿಂತ ಕಡಿಮೆಯಾದರೆ ಆ ತರಬೇತಿ ನಿಮಗೆ ಬೇಡ. ಒಂದೇ ಬ್ಯಾಚಿನಲ್ಲಿ ನಲವತ್ತು ಜನವಿದ್ದರೆ ನಿಮ್ಮ ತಪ್ಪನ್ನು ತಿದ್ದುವವರು ಯಾರೂ ಇರುವುದಿಲ್ಲ.

ಗುರುವಿನ ಪರೀಕ್ಷೆಗೆ ಒಂದು ಸಣ್ಣ ಪ್ರಶ್ನೆಯನ್ನು ಹೇಳುತ್ತೇನೆ, ವಿನಯದಿಂದಲೇ ಕೇಳಬೇಕು. 192.168.10.0 ಎಂಬ ಜಾಲವನ್ನು ಸ್ಲ್ಯಾಶ್ 26ರಂತೆ ನಾಲ್ಕು ಭಾಗ ಮಾಡಿದರೆ, ಕೊನೆಯಲ್ಲಿ 70 ಎಂದಿರುವ ಯಂತ್ರವು ಯಾವ ಭಾಗಕ್ಕೆ ಸೇರುತ್ತದೆ, ಏಕೆ? ಒಂದೊಂದು ಭಾಗಕ್ಕೆ 64 ವಿಳಾಸಗಳು. ಅವುಗಳಲ್ಲಿ ಮೊದಲನೆಯದು ಜಾಲದ ಹೆಸರಿಗೂ ಕೊನೆಯದು ಎಲ್ಲರನ್ನೂ ಒಮ್ಮೆಗೇ ಕೂಗುವುದಕ್ಕೂ ಮೀಸಲಾಗಿ, ಯಂತ್ರಗಳಿಗೆ 62 ಉಳಿಯುತ್ತವೆ. 64ರಿಂದ 127ರವರೆಗಿನದು ಎರಡನೆಯ ಭಾಗ. ಆದ್ದರಿಂದ 70 ಅಲ್ಲಿಯದು. ಈ ಉತ್ತರವನ್ನು ಗುರುಗಳು ಹಲಗೆಯ ಮೇಲೆ ಸೊನ್ನೆ-ಒಂದುಗಳನ್ನು ಬರೆದು, ಹಿಂದಿನ ಬೆಂಚಿನ ಹುಡುಗನಿಗೂ ಅರ್ಥವಾಗುವಂತೆ, ಬೇಕಾದರೆ ಕನ್ನಡದಲ್ಲಿ, ಹಿಂದಿಯಲ್ಲಿ ಬಿಡಿಸಿ ಹೇಳಿದರೆ ಆ ಗುರುಗಳನ್ನು ಬಿಡಬೇಡಿರಿ. “ಅದಕ್ಕ ಆನ್‌ಲೈನ್ ಕ್ಯಾಲ್ಕುಲೇಟರ್ ಅದ, ಅದರಾಗ ಹಾಕಿ ನೋಡ್ರಿ” ಎಂಬ ಉತ್ತರ ಬಂದರೆ ಮುಂದಿನ ಮಾತು ಬೇಕಿಲ್ಲ.

ಇನ್ನು ಎರಡು ಅಪಾಯಗಳು. ಕೆಲವರು ತಮ್ಮದೇ ಅಚ್ಚಿನ ಕಾಗದಕ್ಕೆ ‘ಸಿಸಿಎನ್ಎ ಪ್ರಮಾಣಪತ್ರ’ವೆಂದು ಹೆಸರಿಟ್ಟು ಕೊಡುತ್ತಾರೆ; ಆದರೆ ನಿಜವಾದ ಪ್ರಮಾಣಪತ್ರವನ್ನು ಕೊಡತಕ್ಕದ್ದು ಸಿಸ್ಕೊ ಸಂಸ್ಥೆ ಮಾತ್ರ, ಅದೂ ಪಿಯರ್ಸನ್ ವ್ಯೂ ಎಂಬ ಪರೀಕ್ಷಾ ವ್ಯವಸ್ಥೆಯ ಮೂಲಕ ಬರೆದು ಉತ್ತೀರ್ಣರಾದವರಿಗೆ. ಸಂಸ್ಥೆಯ ಶುಲ್ಕದಲ್ಲಿ ಆ ಪರೀಕ್ಷೆಯ ಹಣ ಸೇರಿದೆಯೋ ಇಲ್ಲವೋ ಎಂಬುದನ್ನು ರಸೀದಿಯಲ್ಲಿಯೇ ಬರೆಯಿಸಿಕೊಳ್ಳಬೇಕು. ಮತ್ತೊಂದು, ‘ಡಂಪ್ಸ್’ ಎಂಬ ಹೆಸರಿನಲ್ಲಿ ಮಾರಾಟವಾಗುವ, ಕದ್ದು ತಂದ ಪ್ರಶ್ನೆಗಳ ಕಟ್ಟು. ಅದನ್ನು ಬಾಯಿಪಾಠ ಮಾಡಿ ಪಾಸಾದವನ ಪ್ರಮಾಣಪತ್ರವನ್ನು ರದ್ದುಗೊಳಿಸುವ ಅಧಿಕಾರ ಪರೀಕ್ಷೆ ನಡೆಸುವವರಿಗಿದೆ. ಅದಕ್ಕಿಂತ ಹೆಚ್ಚಾಗಿ, ಇತರರ ಆಸ್ತಿಯನ್ನು ಕಾಯುವ ವೃತ್ತಿಗೆ ಕಳವಿನ ಮಾಲಿನಿಂದ ಪ್ರವೇಶ ಪಡೆಯುವುದು ನಮ್ಮ ಮಕ್ಕಳಿಗೆ ತಕ್ಕುದಲ್ಲ.

ಮನೆಯ ಪ್ರಯೋಗಶಾಲೆಗೆ ಬಹಳ ಹಣ ಬೇಕಿಲ್ಲ. ಎಂಟು ಜಿಬಿ ಸ್ಮೃತಿಯಿರುವ ಹಳೆಯ ಲ್ಯಾಪ್‌ಟಾಪ್ ಒಂದಿದ್ದರೆ ಸಾಕು. ಸಿಸ್ಕೊ ನೆಟ್‌ವರ್ಕಿಂಗ್ ಅಕಾಡೆಮಿಯಲ್ಲಿ ಹೆಸರು ನೋಂದಾಯಿಸಿಕೊಂಡರೆ ಪ್ಯಾಕೆಟ್ ಟ್ರೇಸರ್ ಎಂಬ ತಂತ್ರಾಂಶ ಧರ್ಮಾರ್ಥವಾಗಿ ದೊರೆಯುತ್ತದೆ. ಅದರಲ್ಲಿ ಇಡೀ ಮಿಲ್ಲಿನ ಜಾಲವನ್ನು ಚಿತ್ರರೂಪವಾಗಿ ಕಟ್ಟಿ, ಕೆಡಿಸಿ, ಪುನಃ ಕಟ್ಟಬಹುದು. ವರ್ಚುವಲ್‌ಬಾಕ್ಸಿನೊಳಗೆ ಲಿನಕ್ಸ್ ಒಂದನ್ನು ಸ್ಥಾಪಿಸಿಕೊಂಡು ಅದರ ಕಮಾಂಡುಗಳನ್ನು ರೂಢಿಸಿಕೊಳ್ಳಬೇಕು. ಇವಕ್ಕೆಲ್ಲ ಮೊದಲು, ನನ್ನ ಪ್ರೀತಿಯ ಒಂದು ಅಭ್ಯಾಸವಿದೆ. ಹತ್ತು ಮೀಟರು ಕೇಬಲು, ಒಂದು ಕ್ರಿಂಪಿಂಗ್ ಟೂಲು, ಹತ್ತಿಪ್ಪತ್ತು ಆರ್‌ಜೆ-45 ಕನೆಕ್ಟರು ಕೊಂಡು ತನ್ನಿರಿ. ಕೇಬಲಿನ ಸಿಪ್ಪೆಯನ್ನು ಬೆರಳುದ್ದ ಸುಲಿದರೆ ಒಂದರೊಡನೊಂದು ಹೆಣೆದುಕೊಂಡ ನಾಲ್ಕು ಜೋಡಿ ಎಳೆಗಳು ಹೊರಬರುತ್ತವೆ. ಹೆಣಿಗೆ ಬಿಡಿಸಿ, ಉಗುರಿನಿಂದ ನೇರಮಾಡಿ, ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸುರು, ನೀಲಿ, ಬಿಳಿ-ನೀಲಿ, ಹಸುರು, ಬಿಳಿ-ಕಂದು, ಕಂದು ಎಂಬ ಕ್ರಮದಲ್ಲಿ ಸಾಲಾಗಿ ಹಿಡಿದು, ತುದಿಗಳನ್ನು ಸಮವಾಗಿ ಕತ್ತರಿಸಿ ಕನೆಕ್ಟರಿನೊಳಗೆ ತೂರಿಸಿ ಒತ್ತಬೇಕು. ಆ ಕಮಲಾಪುರದ ತರುಣನು ಮೊದಲ ಮೂರು ಕನೆಕ್ಟರುಗಳನ್ನು ಕೆಡಿಸಿದನು. ಹಸುರು ಜೋಡಿಯನ್ನು ನೀಲಿ ಜೋಡಿ ಸೀಳಿಕೊಂಡು ಹೋಗುವ ಆ ನಡುವಿನ ಸ್ಥಾನದಲ್ಲಿಯೇ ಎಲ್ಲರೂ ತಪ್ಪುವುದು. ನಾಲ್ಕನೆಯದರಲ್ಲಿ ಟೆಸ್ಟರಿನ ಎಂಟು ದೀಪಗಳೂ ಕ್ರಮವಾಗಿ ಉರಿದುವು. ತನ್ನ ಕೈಯಿಂದ ಕಟ್ಟಿದ ತಂತಿಯಲ್ಲಿ ಪಿಂಗ್ ಹೋಗಿ ಮರಳಿ ಬಂದುದನ್ನು ಕಂಡವನು ಅದನ್ನು ಮರೆಯಲಾರನು.

ದಿನಕ್ಕೆ ಎರಡು ಗಂಟೆಯಂತೆ ಆರರಿಂದ ಎಂಟು ತಿಂಗಳು ಈ ಬುನಾದಿಗೆ ಕೊಡಬೇಕೆಂದು ನನ್ನ ಅಂದಾಜು. ಆಮೇಲೆ ಭದ್ರತೆಯ ಪಾಠ. ಕಾಂಪ್‌ಟಿಯಾ ಸಂಸ್ಥೆಯ ಸೆಕ್ಯೂರಿಟಿ ಪ್ಲಸ್ ಅಲ್ಲಿಗೆ ಒಳ್ಳೆಯ ಹೆಬ್ಬಾಗಿಲು. ಆ ಸಂಸ್ಥೆಯೇ ಅದಕ್ಕೆ ಮೊದಲು ನೆಟ್‌ವರ್ಕ್ ಪ್ಲಸ್ ಮಟ್ಟದ ತಿಳಿವಳಿಕೆ ಇರಲೆಂದು ಸಲಹೆ ಮಾಡುತ್ತದೆ. ಸಿಐಎಸ್ಎಸ್‌ಪಿಯಂಥ ಹಿರಿಯ ಮಟ್ಟದ ಪ್ರಮಾಣಪತ್ರಗಳಿಗೆ ಐದು ವರ್ಷಗಳ ವೃತ್ತಿಯ ಅನುಭವವನ್ನು ಕೇಳುತ್ತಾರಾದ್ದರಿಂದ, ಹೊಸಬನಿಗೆ ಅದರ ತರಬೇತಿಯನ್ನು ಮಾರಲು ಬರುವವರನ್ನು ದೂರವಿಡಬೇಕು. ಮತ್ತು ಕಲಿತ ವಿದ್ಯೆಯನ್ನು ಪರರ ಯಂತ್ರದ ಮೇಲೆ, ಕೇವಲ ಕುತೂಹಲದಿಂದಲಾದರೂ, ಅನುಮತಿಯಿಲ್ಲದೆ ಪ್ರಯೋಗಿಸಬಾರದು. 2000ದ ಮಾಹಿತಿ ತಂತ್ರಜ್ಞಾನ ಕಾಯಿದೆಯ 43 ಮತ್ತು 66ನೆಯ ಕಲಮುಗಳನ್ವಯ ದುರುದ್ದೇಶದ ಅಂಥ ಪ್ರವೇಶಕ್ಕೆ ಮೂರು ವರ್ಷಗಳವರೆಗೆ ಸೆರೆವಾಸ, ಅಥವಾ ಐದು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೆ ಎರಡೂ ಉಂಟು. ಕಾಲೇಜಿನ ವೈ-ಫೈಯನ್ನು ಭೇದಿಸಿ ಗೆಳೆಯರ ಮುಂದೆ ಮೆರೆಯುವ ಹುಡುಗನು ತನ್ನ ಮುಂದಿನ ನೌಕರಿಯ ಪೊಲೀಸ್ ತಪಾಸಣೆಯನ್ನು ಅಂದೇ ಕೆಡಿಸಿಕೊಳ್ಳುತ್ತಾನೆ.

ನೆಟ್‌ವರ್ಕ್ ಬಲ್ಲವನಿಗೆ ಭದ್ರತೆಯ ನೌಕರಿ ಕೂಡಲೇ ಸಿಗದಿದ್ದರೂ ಅನ್ನಕ್ಕೆ ಕೊರತೆಯಾಗುವುದಿಲ್ಲವೆಂಬುದು ಈ ಕ್ರಮದ ಇನ್ನೊಂದು ಗುಣ. ಜಿಲ್ಲೆಯ ಹಾಗೂ ತಾಲ್ಲೂಕಿನ ಸರ್ಕಾರಿ ಕಚೇರಿಗಳನ್ನು ಜೋಡಿಸಿರುವ ಕೆ-ಸ್ವಾನ್ ಜಾಲ, ಬ್ಯಾಂಕುಗಳು, ಆಸ್ಪತ್ರೆಗಳು, ಫೈಬರ್ ಇಂಟರ್ನೆಟ್ ಕೊಡುವ ಸಣ್ಣ ಕಂಪನಿಗಳು, ಇವೆಲ್ಲಕ್ಕೂ ಜಾಲವನ್ನು ನಡೆಸುವವರು ಬೇಕು. ಜಾಲ ನಡೆಸುವವರ ಮೇಲೆ ಕಾನೂನಿನ ಹೊಣೆಯೂ ಇದೆ: ದೇಶದ ಸೈಬರ್ ತುರ್ತುಪಡೆಯಾದ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನವು, ಸೈಬರ್ ಅವಘಡವನ್ನು ಗಮನಕ್ಕೆ ಬಂದ ಆರು ಗಂಟೆಗಳೊಳಗೆ ವರದಿಮಾಡಬೇಕೆಂದೂ, ಯಂತ್ರಗಳ ದಾಖಲೆಗಳನ್ನು 180 ದಿನ ಕಾಪಾಡಬೇಕೆಂದೂ, ಎಲ್ಲ ಗಡಿಯಾರಗಳನ್ನು ನಿಗದಿತ ಎನ್‌ಟಿಪಿ ಸರ್ವರಿಗೆ ಹೊಂದಿಸಬೇಕೆಂದೂ ವಿಧಿಸಿದೆ. ಈ ಗಡಿಯಾರದ ಮಾತು ಹಲವರಿಗೆ ಕ್ಷುಲ್ಲಕವೆನಿಸಬಹುದು. ಆದರೆ ರೂಟರಿನ ಗಡಿಯಾರ ಹತ್ತು ನಿಮಿಷ ಮುಂದೆಯೂ ಸರ್ವರಿನದು ಐದು ನಿಮಿಷ ಹಿಂದೆಯೂ ಇದ್ದರೆ ಕಳ್ಳನು ಮೊದಲು ಎಲ್ಲಿ ಹೊಕ್ಕನೆಂಬುದನ್ನು ಹೇಳುವುದು ಅಸಾಧ್ಯ. ಗಡಿಯಾರ ಹೊಂದಿಸುವ ಎನ್‌ಟಿಪಿ, ದಾಖಲೆಗಳನ್ನು ಕಳುಹಿಸುವ ಸಿಸ್‌ಲಾಗ್ ಇವೆರಡೂ ಸಿಸಿಎನ್ಎ ಪಠ್ಯದೊಳಗಿನ ಪಾಠಗಳೇ.

ನಂದೂರದ ಮಿಲ್ಲಿಗೆ ನಾವು ಪುನಃ ಹೋದದ್ದು ಏಳು ತಿಂಗಳ ತರುವಾಯ. ಈ ಸಲ ನಾನು ಕುರ್ಚಿಯಲ್ಲಿ ಕುಳಿತು ಚಹ ಕುಡಿದೆನು. ಕೆಲಸವನ್ನೆಲ್ಲ ಆ ಕಮಲಾಪುರದ ತರುಣನೇ ಮಾಡಿದನು. ಸಾವಕಾರರನ್ನು ಒಪ್ಪಿಸಿ ತರಿಸಿದ್ದ ಹೊಸ ಸ್ವಿಚ್ಚಿನಲ್ಲಿ ಮೂರು ವಿಲ್ಯಾನ್‌ಗಳನ್ನು ಕಟ್ಟಿ, ಲೆಕ್ಕಕ್ಕೂ ಕಾಂಟಾಕ್ಕೂ ಒಂದು, ಕ್ಯಾಮೆರಾಗಳಿಗೆ ಒಂದು, ಬಂದವರ ಮೊಬೈಲಿಗೆ ಒಂದು ಎಂದು ಬೇರ್ಪಡಿಸಿ, ಒಂದರಿಂದೊಂದಕ್ಕೆ ಏನು ಹೋಗಬಹುದು ಏನು ಹೋಗಬಾರದೆಂಬುದನ್ನು ರೂಟರಿನಲ್ಲಿ ಬರೆದನು. ಹೊರಕ್ಕೆ ತೆರೆದಿದ್ದ ಪೋರ್ಟನ್ನು ಮುಚ್ಚಿ, ಡಿವಿಆರ್‌ನ ಪಾಸ್‌ವರ್ಡನ್ನು ಬದಲಿಸಿ, ಸಾವಕಾರರ ಮೊಬೈಲಿಗೆ ವಿಪಿಎನ್ ಎಂಬ ಸುರಕ್ಷಿತ ಮಾರ್ಗವನ್ನು ಹೊಂದಿಸಿಕೊಟ್ಟನು. ಲೆಕ್ಕದ ಕಂಪ್ಯೂಟರಿನ ಮಂಕಿಗೆ ಕಾರಣ, ಒಂದೇ ಐಪಿ ವಿಳಾಸವನ್ನು ಅದೂ ಕಾಂಟಾದ ಯಂತ್ರವೂ ಹಂಚಿಕೊಂಡು ಜಗಳಾಡುತ್ತಿದ್ದುದು. ಅದು ಅವನಿಗೆ ಐದು ನಿಮಿಷಗಳಲ್ಲಿ ತಿಳಿಯಿತು. ಕೊನೆಗೆ ಪಟ್ಟಿಯ ಹಾಳೆಯೊಂದರ ಮೇಲೆ ಪೆನ್ಸಿಲಿನಿಂದ ಇಡೀ ಜಾಲದ ನಕ್ಷೆಯನ್ನು ಬರೆದು, ಪ್ರತಿ ತಂತಿಗೂ ಒಂದೊಂದು ಸಂಖ್ಯೆ ಕೊಟ್ಟು, ಸ್ವಿಚ್ಚಿನ ಪೆಟ್ಟಿಗೆಯ ಬಾಗಿಲಿನ ಒಳಬದಿಗೆ ಅಂಟಿಸಿದನು. ಮುನೀಮರು ಕನ್ನಡಕ ಏರಿಸಿಕೊಂಡು ಬಂದು ಅದನ್ನು ಓದತೊಡಗಿದರು.